ಬುಧವಾರದ ಎಣಿಕೆ

ಆಫೀಸಿನಲ್ಲಿ ನಮ್ಮ ದೊಡ್ಡಮ್ಮನನ್ನು ಎಲ್ಲರೂ ಗೀಟಕ್ಕ ಎನ್ನುತ್ತಿದ್ದರು. ಊರಿನ ರಸ್ತೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಬರೆಯುವ ಮೊದಲು, ನಾಲ್ಕು ದಾರಿ ಕೂಡುವಲ್ಲಿ ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಹಾದುಹೋಗುವ ಪ್ರತಿ ವಾಹನಕ್ಕೂ ಒಂದು ಗೀಟು ಎಳೆಯುತ್ತಿದ್ದಳು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಇಪ್ಪತ್ತಾರು ವರ್ಷ ಹೀಗೆ. ಪೆನ್ಸಿಲ್ ಒತ್ತಿ ಒತ್ತಿ ಅವಳ ನಡುಬೆರಳು ಗಂಟುಕಟ್ಟಿತ್ತು. ಚಿಕ್ಕಂದಿನಲ್ಲಿ ನನ್ನ ತಲೆ ಸವರುವಾಗ ಆ ಗಂಟು ಬೇರೆಯಾಗಿಯೇ ತಾಕುತ್ತಿತ್ತು.

ಆ ವರ್ಷ ಗುಡ್ಡದಾಚೆ ಎರಡು ಸಾವಿರ ಮನೆಗಳ ಬಡಾವಣೆ ಮಂಜೂರಾಯಿತು. ಅಷ್ಟೂ ಮನೆಗಳ ಗಾಡಿಗಳು ಮುಂದೆ ಇದೇ ಕೂಡುರಸ್ತೆಗೆ ಇಳಿಯಬೇಕು. ರಸ್ತೆ ಎಷ್ಟು ಅಗಲವಾಗಬೇಕು, ತಿರುವಿನಲ್ಲಿ ಕಾಯುವ ಗಾಡಿಗಳಿಗೆ ಎಷ್ಟು ಉದ್ದದ ಜಾಗ ಬೇಕು ಎಂಬ ಯೋಜನೆ ತನ್ನ ಮೇಜಿಗೇ ಬರುತ್ತದೆಂದು ದೊಡ್ಡಮ್ಮ ಆಗಲೇ ಒಂದು ವಾರ ಮೆಟ್ಟಿಲ ಮೇಲೆ ಕೂತು ಪುಸ್ತಕ ತುಂಬಿಸಿಟ್ಟಿದ್ದಳು. ಯೋಜನೆ ಹೋದದ್ದು, ಸೇರಿ ಮೂರು ತಿಂಗಳಾಗಿದ್ದ ಎಂಜಿನಿಯರ್ ಹುಡುಗಿಯ ಕಂಪ್ಯೂಟರಿಗೆ.

"ಪೆನ್ಸಿಲ್ ಹಿಡಿಯೋಕೆ ಬರಲ್ಲ ಅವಳಿಗೆ. ಗುಂಡಿ ಒತ್ತಿದ್ರೆ ರಸ್ತೆ ಆಗ್ಬಿಡುತ್ತಾ?" ಎಂದಳು ಮನೆಯಲ್ಲಿ ಬಟ್ಟೆ ಮಡಿಸುತ್ತ.

"ನಿನಗೆ ಹೊಟ್ಟೆಕಿಚ್ಚು, ದೊಡ್ಡಮ್ಮ."

"ಕಿಚ್ಚೂ ಇಲ್ಲ, ಹೊಗೆನೂ ಇಲ್ಲ. ಸುಮ್ನಿರೇ," ಎಂದು ಅದೇ ಟವೆಲನ್ನು ಮೂರನೇ ಸಲ ಮಡಿಸಿದಳು.

ಹುಡುಗಿಯ ನಕ್ಷೆ ಆಫೀಸಿನ ಗೋಡೆಗೇರಿದ ದಿನ ದೊಡ್ಡಮ್ಮ, ಎಲ್ಲರೂ ಊಟಕ್ಕೆ ಹೋಗುವವರೆಗೆ ಕಾದು ಅದರ ಮುಂದೆ ನಿಂತಳಂತೆ. ತಪ್ಪು ಹುಡುಕಲೆಂದೇ ನಿಂತದ್ದು. ಅದನ್ನು ನನ್ನ ಬಳಿ ಮುಚ್ಚಿಡಲಿಲ್ಲ. ಗೆರೆಗಳು ಚೆಂದವಿದ್ದವು. ತಾನು ದಿನವಿಡೀ ಬಗ್ಗಿ ಎಳೆಯುವ ತಿರುವು ಅಲ್ಲಿ ಒಂದೇ ಉಸಿರಿಗೆ ಎಳೆದಂತಿತ್ತು. ಅದು ಇನ್ನಷ್ಟು ಉರಿಸಿತು. ಕೆಳಗಿನ ಮೂಲೆಯಲ್ಲಿ ವಾಹನ ಎಣಿಸಿದ ದಿನ ಬರೆದಿತ್ತು: ಬುಧವಾರ.

ವಾರದ ನಡುವಿನ ದಿನ ಎಣಿಸಿ ಎನ್ನುತ್ತದೆ ನಿಯಮದ ಪುಸ್ತಕ. ಆದರೆ ನಮ್ಮೂರಿನ ಕಾಗದದ ಕಾರ್ಖಾನೆಗೆ ವಾರದ ರಜೆ ಬುಧವಾರವೇ. ಅಂದು ಲಾರಿಗಳಿಲ್ಲ, ಪಾಳಿಯ ಬಸ್ಸುಗಳಿಲ್ಲ. ಆ ಎಣಿಕೆಯನ್ನು ನಂಬಿದರೆ ತಿರುವಿನ ಜಾಗ ಅರ್ಧಕ್ಕರ್ಧ ಸಾಲದು; ನಾಳೆ ಹೊಸ ಮನೆಗಳ ಗಾಡಿಗಳೂ ಸೇರಿ ಸಾಲು ಬೆಳೆದು ಶಾಲೆಯ ಗೇಟಿಗೆ ಅಡ್ಡ ನಿಲ್ಲುತ್ತದೆ.

ನಕ್ಷೆಗೆ ಒಪ್ಪಿಗೆ ಕೊಡುವ ಸಭೆಗೆ ಐದು ದಿನವಿತ್ತು. ದೊಡ್ಡಮ್ಮ ತುಟಿ ಬಿಚ್ಚಲಿಲ್ಲ. ಸಭೆಯಲ್ಲೇ, ದೊಡ್ಡ ಸಾಹೇಬರ ಎದುರೇ ಎದ್ದು ಹೇಳುವುದೆಂದು ನಿರ್ಧರಿಸಿದ್ದಳು. ಅಂದು ಉಡುವ ಸೀರೆಗೆ ಇಸ್ತ್ರಿಯೂ ಆಗಿತ್ತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಹುಡುಗಿಯೇ ಅವಳ ಮೇಜಿನ ಬಳಿ ಬಂದಳು.

"ಅಕ್ಕಾ, ನನ್ನ ನಕ್ಷೆ ಒಂದ್ಸಲ ನೋಡ್ತೀರಾ? ಕೇಳೋಕೆ ವಾರದಿಂದ ಹೆದರ್ತಾ ಇದೀನಿ."

"ಹೆದರೋಕೆ ನಾನೇನು ಲಾರಿನಾ?"

ಹುಡುಗಿ ನಗಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ದೊಡ್ಡಮ್ಮ ಸ್ವಲ್ಪ ಹೊತ್ತು ಡ್ರಾಯರಿನ ಹಿಡಿ ಹಿಡಿದುಕೊಂಡೇ ಕೂತಳು. ಆಮೇಲೆ ಗೀಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಎತ್ತಿಹಾಕಿದಳು.

"ಬುಧವಾರ ಕಾರ್ಖಾನೆ ರಜಾ ಕಣೇ. ಗುರುವಾರದ್ದು ಇದರಲ್ಲಿದೆ. ಪುಟ ಮಡಿಸಬೇಡ."

ಸಭೆಯಲ್ಲಿ ಸಾಹೇಬರು, ಹುಡುಗಿ ರಾತ್ರಿಯೆಲ್ಲ ಕೂತು ತಿದ್ದಿದ ನಕ್ಷೆಯನ್ನು ಹೊಗಳಿದರು. ಹುಡುಗಿ ಎದ್ದು ನಿಂತು, "ಎಣಿಕೆ ಅಕ್ಕಂದು ಸರ್. ನಾನು ತಪ್ಪು ದಿನ ಎಣಿಸಿದ್ದೆ," ಎಂದಳು. ಎಲ್ಲರೂ ಗೀಟಕ್ಕನತ್ತ ತಿರುಗಿ ಚಪ್ಪಾಳೆ ತಟ್ಟಿದರು.

ಸಂಜೆ ದೊಡ್ಡಮ್ಮ ಇಸ್ತ್ರಿ ಸೀರೆಯಲ್ಲೇ ಬಾಗಿಲ ಬಳಿ ಕೂತಿದ್ದಳು.

"ಒಳ್ಳೇದಾಯ್ತಲ್ಲ, ದೊಡ್ಡಮ್ಮ?"

ಅವಳು ನಡುಬೆರಳ ಗಂಟನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು.

"ಏನು ಒಳ್ಳೇದು? ಅವಳ ಜಾಗದಲ್ಲಿ ನಾನಾಗಿದ್ರೆ ಎಲ್ಲರೆದುರು ತಪ್ಪು ನಂದು ಅಂತ ಹೇಳ್ತಿರ್ಲಿಲ್ಲ. ಅದರಲ್ಲೂ ಅವಳೇ ಮುಂದೆ ಹೋದ್ಲು ನೋಡು."