ಎಲ್ಲಾರೂ ಮ್ಯಾಲ ಬಂದ್ರೇನು?

ಬಸವಂತ್ರಾಯ ಶಹಾಪುರದ ಗಂಜ್ ಮಾರುಕಟ್ಟೆಯ ಹಮಾಲರ ಸಂಘಕ್ಕೆ ಅಧ್ಯಕ್ಷನಾದಾಗಿನಿಂದ ಕಾರ್ಯದರ್ಶಿ ಮೌನೇಶನಿಗೆ ಸಾಕುಸಾಕಾಗಿ ಹೋಗಿದೆ. ಮುದುಕ ಹರೆಯದಲ್ಲಿ ಮುಂಬೈ ಬಂದರಿನಲ್ಲಿ ಚೀಲ ಹೊತ್ತವನು. ಊರಿಗೆ ಮರಳಿ ಮೂವತ್ತು ವರ್ಷವಾದರೂ ಬಾಯಿ ತೆರೆದರೆ ಹಡಗೇ. ಚಹಾ ಆರಿ ಬಂದರೆ ಸಾಕು, "ಬಂದರದಾಗ ಇಷ್ಟಕ್ಕ ನಾಕು ದಿನ ಹರತಾಳ ಕುಂತಿದ್ವಿ" ಎನ್ನುತ್ತಾನೆ. ಉಳಿದವರಿಗೆ ಹರತಾಳವೆಂದರೆ ಹೆಗಲ ಚೀಲ ಇಳಿಸಿ ಗೇಟಿಗೆ ನಡೆಯುವುದು, ಅಷ್ಟೇ. ಇವನಿಗೆ ಅಷ್ಟು ಸಾಲದು. ನಲವತ್ತೆರಡು ಹಮಾಲರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸಿ, "ಎಲ್ಲಾರೂ ಮ್ಯಾಲ ಬಂದ್ರೇನು?" ಎಂದು ಕೇಳಬೇಕು, ಆಮೇಲೆಯೇ ಮೊದಲ ಜಿಂದಾಬಾದ್. ನಡುವೆ ಒಬ್ಬ ಬೀಡಿ ಹಚ್ಚಲು ಆಚೆ ಹೋದರೂ ಎಣಿಕೆ ಮತ್ತೆ ಒಂದರಿಂದ. ಅಷ್ಟರಲ್ಲಿ, ಯಾರ ವಿರುದ್ಧ ಕೂಗಬೇಕೋ ಆ ಸಾಹುಕಾರರು ಉಂಡು ಒಂದು ನಿದ್ದೆ ತೆಗೆದಿರುತ್ತಾರೆ. ನಿನ್ನೆಯ ಹರತಾಳದಲ್ಲಿ ಮೂರನೆಯ ಸಲ ಎಣಿಕೆ ಶುರುವಾದಾಗ ಮೌನೇಶ ರೇಗಿಬಿಟ್ಟ: "ಈ ಸಪಾಟ ಬಯಲಾಗ ಮ್ಯಾಲ ಯಾವುದು, ಕೆಳಗ ಯಾವುದ್ರಿ ಕಾಕಾ?" ಮುದುಕನ ಕೈ ಯಾರದೋ ಹೆಗಲ ಮೇಲೆ ಹಾಗೆಯೇ ನಿಂತಿತು. "ಹರತಾಳ ಅಂದ ಕೂಡ್ಲೇ ಹಡಗದ ಹೊಟ್ಟ್ಯಾಗಿಂದ ಎಲ್ಲಾರೂ ಮ್ಯಾಲ ಓಡಿ ಬಂದ್ವಿ. ನನ್ನ ತಮ್ಮ ದೇವು ಕೆಳಗ, ಜರದು ಬಿದ್ದ ಚೀಲದ ಬುಡಕ ಸಿಕ್ಕಿದ್ದ. ಒದರಿರಬೇಕು, ನಮ್ಮ ಜಿಂದಾಬಾದದಾಗ ಕೇಳಿಸಲಿಲ್ಲ." ಮೌನೇಶ ಸಾಲಿಗೆ ಹೋಗಿ ನಿಂತ. "ಎಣಕಿ ತಪ್ಪ್ಯಾದ್ರಿ ಕಾಕಾ," ಎಂದ, "ಒಂದರಿಂದ ಎಣಸ್ರಿ."