ಸತ್ತ ಫೋನಿಗಾಗಿ ಅಟ್ಟದ ಕಾಯಿ ಇಳಿಸಿದೆವು

ಕೊಬ್ಬರಿಯಾಗಲು ಅಟ್ಟಕ್ಕೆ ಹಾಕಿದ ಕಾಯಿಯನ್ನು ವರ್ಷದವರೆಗೆ ಯಾರಾದರೂ ಮುಟ್ಟುತ್ತಾರಾ ಸ್ನೇಹಿತರೇ? ಇವತ್ತು ನಾವು ಇಳಿಸಿದೆವು!

ನಿನ್ನೆ ಹೊಸ ರೂಟರ್ ಹಾಕಿದಾಗಿನಿಂದ ನೆಟ್ ಇದೆ, ಮನೆ ಫೋನ್ ಸತ್ತಿದೆ. ಬೆಳಿಗ್ಗೆ ಮೊಬೈಲಿನಿಂದ ಕೇಳಿದರೆ, ರೂಟರ್ ಹಾಕಿದವನು, “ಅಟ್ಟದ ತುಂಬಾ ಕಾಯಿ ಐತಲ್ಲ ಅಕ್ಕಾ, ಸಿಗ್ನಲ್ ತಡೀತೈತೆ. ಇಳ್ಸಿ” ಎಂದ. ನಾನೂ ಗಂಡನೂ ಮಧ್ಯಾಹ್ನದವರೆಗೆ ಇಳಿಸಿದೆವು. ಫೋನ್ ಉಸಿರೆತ್ತಲಿಲ್ಲ.

ಕೊನೆಗೆ ಕಸ ಗುಡಿಸುತ್ತಿದ್ದ ಅತ್ತೆ ಕೂಗಿದರು: “ಅಲ್ಲ ಕಣೇ, ಫೋನಿನ ವೈರು ಇನ್ನೂ ಹಳೇ ರೂಟರಿಗೇ ಸಿಗಾಕ್ಕಂಡೈತಲ್ಲೇ!”

ಹೊಸದಕ್ಕೆ ಸಿಕ್ಕಿಸಿದೆ. ತಕ್ಷಣ ರಿಂಗಾಯಿತು. ಅವನೇ! “ಸರಿ ಹೋಯ್ತಾ ಅಕ್ಕಾ? ನಾನ್ ಹೇಳ್ಲಿಲ್ವಾ, ಕಾಯೀದೇ ತೊಂದ್ರೆ ಅಂತ!”

“ಬಾರಪ್ಪ, ಅಷ್ಟನ್ನೂ ವಾಪಸ್ ಅಟ್ಟಕ್ಕೆ ಹಾಕ್ಕೊಡು” ಎಂದೆ.

“ಹಲೋ... ಹಲೋ... ಸಿಗ್ನಲ್ ಇಲ್ಲ ಅಕ್ಕಾ, ಏನೂ ಕೇಳಿಸ್ತಿಲ್ಲ” ಎಂದು ಫೋನ್ ಇಟ್ಟ.