ಅಡುಗೆಮನೆಯಲ್ಲಿ ಹಾರಿದ ಕಾರ್ಟ್ರಿಜ್

ಎನ್. ಬೇಗೂರಿನ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. "ಇವತ್ತು ನಿಲ್ದಿದ್ರೆ ನಮ್ಮಣ್ಣನ್ನ ಕರೀತೀನಿ" ಅಂದಳು ಹೆಂಡತಿ. ಭಾವನ ಮುಂದೆ ಸೋಲುವುದುಂಟೇ? ನಲ್ಲಿಯೊಳಗೆ ನೀರು ತಡೆಯುವ ಬಿಲ್ಲೆಗೆ ಕಾರ್ಟ್ರಿಜ್ ಅನ್ನುತ್ತಾರೆ; ಸವೆದ ಅದನ್ನು ಎಳೆಯಲೆಂದೇ ಇರುವ ಸಾಧನವನ್ನು ಹುಣಸೂರಿನಿಂದ ತಂದೆ.

ಪಕ್ಕದ ಮನೆಯ ಕೆಂಪಮ್ಮಕ್ಕ ಕಿಟಕಿಯಲ್ಲಿ ಇಣುಕಿದರು. "ಏನ್ಲಾ ಅದು?"

"ಹಳೇ ಕಾರ್ಟ್ರಿಜ್ ಈಚೆಗೆ ಎಳೀತೀನಿ ಕಣಕ್ಕ."

ಕಾಡಂಚಿನ ನಮ್ಮೂರಲ್ಲಿ ಕಾರ್ಟ್ರಿಜ್ ಅಂದರೆ ಕೋವಿಯ ತೋಟಾ. "ಅಯ್ಯೋ, ಫಾರೆಸ್ಟ್‌ನೋರು ಎಳ್ಕೊಂಡೋಯ್ತಾರೆ, ಬುಡ್ಲಾ!"

ನಲ್ಲಿಯದು ಅನ್ನಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ! "ಕಿವಿ ಮುಚ್ಕೊ, ಢಂ ಅಂತದೆ" ಅಂದು ಎಳೆದೆ.

ನಿಜಕ್ಕೂ ಢಂ ಅಂತು. ಟ್ಯಾಂಕಿನಿಂದ ನೀರು ಬರುವ ವಾಲ್ವ್ ಮುಚ್ಚುವುದನ್ನೇ ಮರೆತಿದ್ದೆ. ಕಾರ್ಟ್ರಿಜ್ ಹಾರಿತು, ನೀರು ಸೂರಿಗೆ ಬಡಿದು ನನ್ನ ತಲೆಮೇಲೆ ಸುರಿಯಿತು.

ಕೆಂಪಮ್ಮಕ್ಕ ನಗು ತಡೆಯಲಾರದೆ ಕೂಗಿದರು: "ಬಾರವ್ವೋ, ನಿನ್ ಗಂಡಂಗೇ ಗುಂಡು ಬಿತ್ತು!"

ನಲ್ಲಿಯಂತೂ ನಿಂತಿದೆ. ಟ್ಯಾಂಕ್ ಖಾಲಿಯಾಗಿದ್ದರಿಂದ ನಿಂತಿತು ಅನ್ನುವುದು ಹೆಂಡತಿಯ ಅಪಪ್ರಚಾರ.